ಬೋಡಿಲ್‌ಳ ಆಲಿಕೆ

ನನ್ನ ಗಂಡ ಟ್ರೋಲ್ಸ್‌ನನ್ನು ಮಣ್ಣು ಮಾಡಿದ ಮೂರನೆಯ ದಿನ ಬಂಧುಗಳೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಅವನ ಫೋನಿನ ಅಲಾರಂ ಹೊಡೆದುಕೊಂಡಿತು. ಮಾತ್ರೆಯ ಹೊತ್ತು. ಎದ್ದು ಲೋಟಕ್ಕೆ ನೀರು ತುಂಬಿಸಿದೆ. ಆಮೇಲೆ ಅದನ್ನು ಹಿಡಿದುಕೊಂಡೇ ನಿಂತೆ.

ಉಳಿದ ಮಾತ್ರೆಗಳನ್ನು ಔಷಧಿ ಅಂಗಡಿಗೆ ಹಿಂದಿರುಗಿಸಬೇಕಿತ್ತು. ಡಬ್ಬಿಗಳನ್ನು ಚೀಲಕ್ಕೆ ಹಾಕುವಾಗ ಒಂದರೊಳಗಿನ ಮಾಹಿತಿ ಚೀಟಿ ಬಿಚ್ಚಿಕೊಂಡಿತು. ಅವನಿಗೆ ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆ ಅದು. ಅದರ ಜೊತೆಗೆ ಸೇವಿಸಬಾರದವುಗಳ ಪಟ್ಟಿಯಲ್ಲಿ ಪೆರಿಕೋನ್ ಎಂಬ ಕಾಡುಗಿಡ ಇತ್ತು. ಯಾವ ರೂಪದಲ್ಲೂ ಕೂಡದು, ರಕ್ತದಲ್ಲಿ ಮಾತ್ರೆಯ ಮಟ್ಟ ಇಳಿಸುತ್ತದೆ.

ಪೆರಿಕೋನ್ ಗುಳಿಗೆ ಬೇಡ ಎಂದು ನರ್ಸ್ ಹೇಳಿದ್ದಳು. ಅಂಥ ಗುಳಿಗೆ ನಮ್ಮ ಮನೆಯಲ್ಲಿರಲಿಲ್ಲ. ಆದರೆ ಯೂಟ್ಲಂಡ್ ಸೀಮೆಯ ಈ ಕುರುಚಲು ಬಯಲಲ್ಲಿ, ಜೂನ್ ಕೊನೆಗೆ ಅದರ ಹಳದಿ ಮೊಗ್ಗು ಕಿತ್ತು ಸ್ನ್ಯಾಪ್ಸ್ ಎಂಬ ಸಾರಾಯಿಯಲ್ಲಿ ನೆನೆಹಾಕುವುದನ್ನು ಯಾರೂ ಔಷಧಿ ಅನ್ನುವುದಿಲ್ಲ. ಅದು ಊಟದ ಮೇಜಿನದು. ಹೆರಿಂಗ್ ಮೀನಿನ ಜೊತೆ ಒಂದು ಪುಟ್ಟ ಲೋಟ. ನಾನು ಸಸ್ಯಶಾಸ್ತ್ರ ಓದಿದವಳು. ಟ್ರೋಲ್ಸ್‌ಗೆ ಗಿಡ ತೋರಿಸಿದ್ದು ನಾನೇ.

ಸೆಪ್ಟೆಂಬರ್‌ನಲ್ಲಿ ಅವನ ರಕ್ತದಲ್ಲಿ ಔಷಧಿಯ ಮಟ್ಟ ಕುಸಿಯಿತು. ಮಾತ್ರೆ ಮರೆತಿದ್ದೀಯಾ ಎಂದು ವೈದ್ಯೆ ಕೇಳಿದಳು. ಒಂದು ದಿನವೂ ಮರೆತಿರಲಿಲ್ಲ. ದೇಹ ಕಿಡ್ನಿಯ ಮೇಲೆ ತಿರುಗಿಬಿತ್ತು. ಅದನ್ನು ಅಡಗಿಸಲು ಕೊಟ್ಟ ಮದ್ದು ಸೋಂಕಿಗೆ ದಾರಿ ಮಾಡಿತು. ಶ್ವಾಸಕೋಶ. ಹನ್ನೊಂದು ದಿನ.

ಬೀರು ತೆರೆದೆ. ಮೊಗ್ಗು ನೆನೆದು ಕೆಂಪಾದ ಸ್ನ್ಯಾಪ್ಸ್ ಬಾಟಲಿಯ ತಳದಲ್ಲಿ ಎರಡು ಬೆರಳಷ್ಟಿತ್ತು. ಪಕ್ಕದಲ್ಲಿ ಗಾಜಿನ ಆಲಿಕೆ, ಅದಕ್ಕಂಟಿಸಿದ ಪಟ್ಟಿ: ಬೋಡಿಲ್‌ಳದು. ವಾಪಸ್ ಕೊಡಿ.

ಸೋಸಲು ಆಲಿಕೆ ಕೊಟ್ಟ ಬೋಡಿಲ್‌ಳಿಗೆ ಟ್ರೋಲ್ಸ್ ಅದೇ ಸ್ನ್ಯಾಪ್ಸ್‌ನ ಒಂದು ಬಾಟಲಿ ಕೊಟ್ಟಿದ್ದ. ಇಬ್ಬರಿಗೂ ಒಂದೇ ರಾತ್ರಿ ಕಿಡ್ನಿ ಕಸಿಯಾಗಿತ್ತು. ಕಿಡ್ನಿ ಯಾರದೆಂದು ಆಸ್ಪತ್ರೆ ಹೇಳುವುದಿಲ್ಲ. ಸತ್ತ ಒಬ್ಬನದೇ ಎಡ, ಬಲ ಕಿಡ್ನಿಗಳು ಎಂದು ತಾವೇ ತೀರ್ಮಾನಿಸಿಕೊಂಡು ಅಕ್ಕ ತಮ್ಮ ಆಗಿದ್ದರು. ಆ ಅಕ್ಕ ಮಣ್ಣಿಗೆ ಬಂದಿರಲಿಲ್ಲ. ಮೈ ಸರಿಯಿಲ್ಲ ಎಂದು ಹೂ ಕಳಿಸಿದ್ದಳು.

ಫೋನ್ ಮಾಡಿದೆ. ಎತ್ತಲಿಲ್ಲ. ಆಲಿಕೆಯನ್ನು ಶಾಲಿನಲ್ಲಿ ಸುತ್ತಿ, ಚೀಟಿ ಜೇಬಿಗೆ ಹಾಕಿ ಸೈಕಲ್ ಹತ್ತಿದೆ. ಎದುರುಗಾಳಿ. ಆರು ಕಿಲೋಮೀಟರ್ ಉದ್ದಕ್ಕೂ, ಬಾಗಿಲು ತೆರೆಯಲಿ, ತೆರೆಯಲಿ ಅಂದುಕೊಂಡೆ.

ತೆರೆಯಿತು. ಬೋಡಿಲ್‌ಳ ಕಣ್ಣ ಕೆಳಗೆ ಊದಿಕೊಂಡಿತ್ತು.

"ಒಳಗ್ ಬಾ ಮಾರಾಯ್ತಿ, ಥಂಡಿ ನುಗ್ತದೆ. ಕಾಫಿ ಇಡ್ತೀನಿ."

"ಆ ಸ್ನ್ಯಾಪ್ಸ್ ಕುಡಿದ್ಯಾ?"

"ಬೆಳಿಗ್ಗೆ ಒಂಬತ್ತಕ್ಕಾ? ನನ್ನನ್ನ ಏನಂದ್ಕೊಂಡಿದ್ದೀ?"

"ನಗಬೇಡ ಬೋಡಿಲ್. ಟ್ರೋಲ್ಸ್ ಕೊಟ್ಟಿದ್ದು. ಎಷ್ಟು ಕುಡಿದೆ?"

ಅವಳು ಬಾಟಲಿ ತಂದಳು. ಅರ್ಧ ಖಾಲಿ.

"ಅವನು ಆಸ್ಪತ್ರೆ ಸೇರಿದ ದಿನ ತೆಗೆದೆ. ದಿನಾ ಊಟಕ್ಕೊಂದು. ಅವನ ಆರೋಗ್ಯಕ್ಕೆ ಅಂತ."

ಚೀಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು, ಮತ್ತೆ ಓದಿದಳು.

"ಅದಕ್ಕೇ ಕಾಲು ಬಾತಿರೋದಾ?"

"ಗೊತ್ತಿಲ್ಲ. ಈಗ್ಲೇ ಫೋನ್ ಮಾಡು."

ಆಸ್ಪತ್ರೆಯವರ ಜೊತೆ ಗೋಡೆ ಹಿಡಿದುಕೊಂಡು ಮಾತಾಡಿದಳು. "ಹೌದು, ಪೆರಿಕೋನ್. ಗುಳಿಗೆ ಅಲ್ಲಪ್ಪಾ, ಸ್ನ್ಯಾಪ್ಸ್... ಇಲ್ಲ, ಗೊತ್ತಿರ್ಲಿಲ್ಲ." ಫೋನಿಟ್ಟು ನನ್ನ ಕಡೆ ತಿರುಗಿದಳು. "ಈಗ್ಲೇ ಬರ್ಬೇಕಂತೆ. ರಕ್ತ ನೋಡ್ತಾರಂತೆ. ಟ್ಯಾಕ್ಸಿ ಅವರೇ ಕಳಿಸ್ತಾರೆ."

ಬಾಟಲಿಯನ್ನು ಸಿಂಕಿಗೆ ಸುರಿದೆ. ಕೆಂಪು ಹೋಗಲು ನೀರು ಬಹಳ ಹೊತ್ತು ಬಿಡಬೇಕಾಯಿತು.

"ಅವನಿಗೆ ಗೊತ್ತಿತ್ತಾ, ಸಿಗ್ನೆ?"

"ಇಲ್ಲ."

"ನಿನಗೆ?"

"ಇವತ್ತು ಬೆಳಿಗ್ಗೆ."

ಅವಳು ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಳು. ನಾನು ಬಿಚ್ಚಿ ಸರಿಯಾಗಿ ಹಾಕಿದೆ. 

"ನನ್ನ ಕಿಡ್ನೀನೂ ಹೋಗ್ತದಾ?"

ಸುಳ್ಳು ಬಾಯಿಗೆ ಬಂತು. ಹೇಳಲಿಲ್ಲ. "ನಾನೂ ಬರ್ತೀನಿ," ಎಂದೆ.

ಟ್ಯಾಕ್ಸಿ ಬಂದಾಗ ಶಾಲು ಎತ್ತಿಕೊಂಡೆ. ಒಳಗೆ ಗಟ್ಟಿಯಾಗಿ ಏನೋ ತಾಗಿತು.

"ನಿನ್ನ ಆಲಿಕೆ. ತೊಳೆದಿಲ್ಲ."

"ಕೊಡಿಲ್ಲಿ," ಎಂದಳು. ಮನೆಯೊಳಗೆ ಇಟ್ಟು ಬರಲು ಹೋಗಲಿಲ್ಲ. ಮಡಿಲಲ್ಲಿಟ್ಟುಕೊಂಡೇ ಕಾರಿನಲ್ಲಿ ಕುಳಿತಳು.