ಮುಳ್ಳುಗಳ ಮೇಲೆ ನಿಂತ ಹುಳು

ಟಕ್ ಅಂತು, ಸೌಟಿನ ಸದ್ದು — ಅಲ್ಲ, ತಗಡಿನ ಮೇಲೆ ಪಾರಿವಾಳ ಕಾಲಿಟ್ಟಿದೆ ಅಷ್ಟೆ, ಹೊತ್ತು ಇನ್ನೂ ಆಗಿಲ್ಲ, ಮನೆಯೊಡತಿ ಗೌರಾಬಾಯಿ ಆಯಿ ಅಡುಗೆಮನೆಯ ಗೋಡೆಗೆ ಸೌಟು ಬಡಿಯುವುದು ದೀಪ ಹಚ್ಚಿದ ಮೇಲೆ, ಬಾ ಬೇ ಪಲ್ಲವಿ, ಚಾ ಆಗ್ಯದ, ಜೇವರ್ಗಿಯ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಾಗಿನಿಂದ ನನ್ನನ್ನು ಮೇಡಂ ಅನ್ನದೆ ಹೆಸರು ಹಿಡಿದು ಕರೆಯುವ ದನಿ ಅದೊಂದೇ, ಇವತ್ತು ಬಡಿಯುತ್ತಾಳೋ ಇಲ್ಲವೋ, ಬಡಿಯದಿದ್ದರೆ ಬೇರೆ ಬಾಡಿಗೆ ಖೋಲಿ ನೋಡಬೇಕು, ಖೋಲಿ ಸಿಗುತ್ತದೆ, ಖೋಲಿ ದೊಡ್ಡ ಮಾತಲ್ಲ — ನಾಳೆಯ ಪಾಠ ನೋಡು, ಹುಳುಗಳ ವರ್ಗೀಕರಣ, ಕೇಂಬ್ರಿಯನ್ ಕಾಲ, ಐವತ್ತು ಕೋಟಿ ವರ್ಷದ ಹಿಂದಿನ ಸಮುದ್ರ, ಕೆಸರು ಕಲ್ಲಾಗಿ ಅದರೊಳಗೆ ಚಪ್ಪಟೆಯಾಗಿ ಉಳಿದ ಬೆರಳುದ್ದವೂ ಇಲ್ಲದ ಹುಳು, ಹೆಸರು ಹಲ್ಲುಸಿಜೀನಿಯಾ, ಬೆನ್ನ ಮೇಲೆ ಜೋಡಿ ಜೋಡಿ ಮುಳ್ಳು, ಕೆಳಗೆ ಮೆತ್ತಗಿನ ಕಾಲು, ಆದರೆ ನಾನು ಓದುವಾಗ ಇದ್ದ ಆಳಂದದ ಹಾಸ್ಟೆಲ್ ಲೈಬ್ರರಿಯ ಹಳೆಯ ಪುಸ್ತಕದಲ್ಲಿ ಅದು ತಲೆಕೆಳಗಾಗಿತ್ತು, ಮುಳ್ಳುಗಳ ಮೇಲೆ ನಿಂತು ಕಾಲುಗಳನ್ನು ಮೇಲಕ್ಕೆತ್ತಿತ್ತು, ನಾನು ಹಾಗೇ ಬರೆದು ಬಣ್ಣ ತುಂಬಿದೆ, ಮುಳ್ಳು ಕಂಡವರು ಮೊದಲು ಅದನ್ನು ಬಿರುಗೂದಲಿನ ಸಮುದ್ರ ಹುಳುಗಳ ಗುಂಪಿಗೆ ಹಾಕಿದ್ದರು, ಎರೆಹುಳುವಿನ ದೂರದ ಬಳಗ, ಆಮೇಲೆ ಬಂದವರು ಇದು ಅದಲ್ಲ ಎಂದು ತೆಗೆದು ಒಂಟಿಯಾಗಿ ಇಟ್ಟರು, ಬೋರಲು ನಿಲ್ಲಿಸಿದರು, ಹೊಟ್ಟೆಯಿಂದ ಸೋರಿ ಆದ ಕಲೆಯನ್ನು ತಲೆ ಅಂದರು, ಕಲ್ಲಿನಲ್ಲಿರುವುದಕ್ಕೆ ಯಾರು ಹೇಗೆ ನಿಲ್ಲಿಸಿದರೂ ಗೊತ್ತಾಗುವುದಿಲ್ಲ, ಅದು ಸತ್ತಿದೆ.

ಗೋಡೆಯ ಆಚೆ ಕುಕ್ಕರ್ ಕೂಗಿತು, ಒಳಗಿದ್ದಾಳೆ — ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಹುಣ್ಣಿಮೆಯ ದಿನ ನಾನು ಬಿಳಿ ಸೀರೆ ಉಟ್ಟಿದ್ದೆ, ಮಧ್ಯಾಹ್ನದೊಳಗೆ ಒಂದೇ ಸಲ ಉಂಡಿದ್ದೆ, ಭೀಮಾ ದಂಡೆಯ ಮಣ್ಣೂರಿನಲ್ಲಿ ಅವ್ವನೂ ಓಣಿಯ ಹೆಂಗಸರೂ ಹೀಗೇ ಬಿಳಿ ಉಟ್ಟು ಬುದ್ಧ ವಿಹಾರಕ್ಕೆ ಹೋಗುತ್ತಾರೆ, ಇಲ್ಲಿ ಜೊತೆಗೆ ಯಾರೂ ಇಲ್ಲ, ಮೇಣದಬತ್ತಿ ಹಚ್ಚಿ ಒಬ್ಬಳೇ ಕೂತೆ, ಬುದ್ಧನ ಚಿತ್ರ ಫೋನಿನಲ್ಲಿತ್ತು, ಬಟ್ಟೆ ಒಣಹಾಕಲು ಬಂದ ಆಯಿ ಕಿಟಕಿಯಲ್ಲಿ ಇಣುಕಿ, ಒಪ್ಪತ್ತು ಹಿಡದೀ ಏನವ್ವಾ, ಈಗಿನ ಹುಡುಗ್ಯಾರು ಯಾರು ಹಿಡೀತಾರ, ಅಪ್ಪನ ಹೆಸರೇನಂದಿ, ಮಹಾದೇವಪ್ಪ ಅಂದೆ, ಹೂಂ, ಮತ್ತ ನೀ ನಮ್ಮ ಪೈಕಿನೇ ಬಿಡು, ಅಂದಳು, ಅವಳು ಕೇಳಲಿಲ್ಲ, ಹೇಳಿದಳು, ಅವತ್ತಿನಿಂದ ತಲೆಗೆ ಎಣ್ಣೆ, ಶೇಂಗಾ ಹೋಳಿಗೆ, ಒಲೆಯ ಪಕ್ಕ ಮಣೆ, ತೀರಿಹೋದ ಗಂಡ ಶಾಂತಲಿಂಗಪ್ಪನ ಹೆಸರು ಕೊರೆಸಿದ ಸ್ಟೀಲ್ ಕಪ್ಪಿನಲ್ಲಿ ಚಾ, ಅವರು ಹೋದ ಮ್ಯಾಲ ಇದರಾಗ ಯಾರೂ ಕುಡಿದಿಲ್ಲ, ನೀ ಕುಡಿ — ಕಪ್ಪು ಕೈ ಸುಡುತ್ತಿತ್ತು, ಸೆರಗಿನಿಂದ ಹಿಡಿದು ಕುಡಿಯುತ್ತಿದ್ದೆ, ಬಿಸಿ ಅದ, ತುಟಿ ಸುಡತದ ಅನ್ನುತ್ತಾ ಅವಳೇ ಊದಿ ಕೊಡುತ್ತಿದ್ದಳು, ಇವತ್ತು ಬೆಳಿಗ್ಗೆ ಜಡೆ ಹೆಣೆಯುತ್ತಾ, ಹಿರೋಳ್ಳಿ ಊರಾಗ ನಮ್ಮ ತಮ್ಮನ ಮಗ ಕಲ್ಲಿನಾಥ ಅದಾನ, ಪಂಚಾಯ್ತಿಯಾಗ ನೌಕರಿ, ನೆತ್ತಿ ಮ್ಯಾಲ ಕೂದಲಾ ಸ್ವಲ್ಪ ಹೋಗ್ಯಾವ, ಇರಲಿ, ನಿನ್ನ ಜಡಿ ಇಬ್ಬರಿಗೂ ಸಾಕು, ನಿಮ್ಮಪ್ಪಗ ಫೋನ್ ಹಚ್ಚಿ ಕೊಡು — ನಗು ಬಂತು, ನಗುತ್ತಲೇ ಹೇಳಿದೆ, ಆಯಿ, ನಾವು ನಿಮ್ಮ ಪೈಕಿ ಅಲ್ರಿ, ಬೌದ್ಧರು ಅದೇವ್ರಿ, ಜಡೆಯಲ್ಲಿ ಅವಳ ಕೈ ನಿಂತಿತು, ಹಂಗಾ, ಅಂದಳು, ಬೈಯಲಿಲ್ಲ, ಬೈದಿದ್ದರೆ ಜವಾಬು ಇತ್ತು, ಹಾಲು ಉಕ್ಕತದ ಅಂತ ಒಳಗೆ ಹೋದಳು, ಒಲೆಯ ಮೇಲೆ ಹಾಲಿರಲಿಲ್ಲ, ಉಳಿದರ್ಧ ಜಡೆ ನಾನೇ ಹೆಣೆದುಕೊಂಡು ಕಾಲೇಜಿಗೆ ಹೋದೆ.

ದೀಪದ ಬತ್ತಿಯ ವಾಸನೆ, ಹಚ್ಚಿದ್ದಾಳೆ, ಈಗ — ಆಮೇಲಾಮೇಲೆ ಯಾರೋ ಕಲ್ಲನ್ನು ಇನ್ನಷ್ಟು ಕೆರೆದು ನೋಡಿ ಹುಳುವನ್ನು ಸರಿಯಾಗಿ ತಿರುಗಿಸಿದರು, ತಲೆ ಇನ್ನೊಂದು ತುದಿಗಿತ್ತು, ಕಣ್ಣೂ ಇದ್ದವು, ಬಳಗವೂ ಸಿಕ್ಕಿತು, ಕಾಡಿನ ಕೊಳೆತ ಎಲೆಯಡಿ ಇಂದಿಗೂ ತೆವಳುವ ಮಖಮಲ್ಲಿನಂಥ ಹುಳುಗಳು, ಅಷ್ಟು ವರ್ಷ ಬೇಕಾಯಿತು, ಕಲ್ಲಿಗೆ ಪುರುಸೊತ್ತಿದೆ, ನನಗೆ — ಟಕ್ ಟಕ್, ಸೌಟು, ಸೌಟೇ, ಬಾ ಬೇ ಪಲ್ಲವಿ, ಚಪ್ಪಲಿ ಮೆಟ್ಟದೆ ಓಡಿದೆ, ಮೂರ್ಖಳ ಹಾಗೆ ಓಡಿದೆ, ಅಡುಗೆಮನೆಯ ಬಾಗಿಲಲ್ಲಿ ಮಣೆ, ಹೊಸ್ತಿಲಿನ ಈಚೆ, ಮಣೆಯ ಮೇಲೆ ಶಾಂತಲಿಂಗಪ್ಪನ ವರ್ಷದ ಪೂಜೆಗೆ ತಂದು ಉಳಿದಿದ್ದ ಕಾಗದದ ಕಪ್ಪು, ತುಂಬ ಚಾ, ಆರ್ತದ, ಕುಡಿ ಅವ್ವಾ, ಸಕ್ರಿ ನಿನಗ ಬೇಕಾದಷ್ಟು ಹಾಕೇನಿ, ದನಿ ಅದೇ, ಸಿಹಿ ಅದೇ, ಅವಳ ಬೆನ್ನ ಹಿಂದೆ ಗೋಡೆಯಲ್ಲಿ ಬಸವಣ್ಣನ ಫೋಟೋ, ಕೆಳಗಿನ ಹಲಗೆಯ ಮೇಲೆ ಸ್ಟೀಲ್ ಕಪ್ಪು ತೊಳೆದು ಬೋರಲು ಹಾಕಿದೆ, ಕೊರೆಸಿದ ಹೆಸರು ತಲೆಕೆಳಗು, ಕಾಗದದ ಕಪ್ಪು ಎತ್ತಿಕೊಂಡೆ, ಕೈ ಸುಡಲಿಲ್ಲ, ಕುಡಿಯುತ್ತಿದ್ದೇನೆ, ಅವಳು ನೋಡುತ್ತಿದ್ದಾಳೆ, ಪ್ರೀತಿಯಿಂದಲೇ ನೋಡುತ್ತಿದ್ದಾಳೆ, ಹುಳು ಮುಳ್ಳುಗಳ ಮೇಲೆ ನಿಂತಿದೆ, ಕಾಲುಗಳು ಮೇಲೆ, ನೆಲಕ್ಕೆ ತಾಗದ ಕಾಲುಗಳು, ಮುಳ್ಳುಗಳ ಮೇಲೆ