ಅಳದೆ ಹೋಗಬೇಕಾದ ಮಗು

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮಕ್ಕಳನ್ನು ಕಳಿಸುವುದು ಎನ್ನುತ್ತೇನೆ. ಸಾಕುವುದು ಎಂದರೆ ಸಾಕು, ಜನ ಕಣ್ಣಲ್ಲಿ ನೀರು ತಂದುಕೊಂಡು ಎಂಥ ಪುಣ್ಯದ ಕೆಲಸ ಎಂದು ಶುರು ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಹೆತ್ತವರು ಬಿಟ್ಟುಹೋದ ಕೂಸುಗಳು ಮಕ್ಕಳ ಮನೆಗೆ ಬರುತ್ತವೆ. ಅವಕ್ಕೊಂದು ಅಪ್ಪ ಅಮ್ಮ ಸಿಗುವವರೆಗೆ ನನ್ನಂಥವರು ನಮ್ಮ ಮನೆಯಲ್ಲಿಟ್ಟುಕೊಂಡು ಬೆಳೆಸಬೇಕು, ಸಿಕ್ಕ ದಿನ ಕೊಟ್ಟುಬಿಡಬೇಕು. ಬೆಳೆಸುವುದೇನು ಮಹಾ, ಬೆಕ್ಕೂ ಬೆಳೆಸುತ್ತದೆ. ಕಸುಬು ಇರುವುದು ಕೊಡುವುದರಲ್ಲಿ.

ಆ ಕಸುಬಿಗೊಂದು ಕ್ರಮವಿದೆ. ಮಕ್ಕಳ ಮನೆ ನಡೆಸುವ ದೊಡ್ಡಮ್ಮ ಕಲಿಸಿದ ಕ್ರಮ. ಅವರು ಹಿಂದೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಈಗಲೂ ಯಾರ ಮಾತನ್ನಾದರೂ ಥರ್ಮಾಮೀಟರ್ ಇಟ್ಟು ನೋಡಿದ ಹಾಗೆ ಕೇಳುತ್ತಾರೆ. ಮಗು ನಮ್ಮನ್ನು ಅತ್ತೆ ಎನ್ನಬೇಕು, ಅಮ್ಮ ಎನ್ನಕೂಡದು. ನಾವು ಹೆಸರಿಡಕೂಡದು, ಅದು ಬರುವ ತಾಯಿಯ ಹಕ್ಕು. ತಾಯಿ ಯಾರೆಂದು ಗೊತ್ತಾದ ಮೇಲೆ ಅವಳು ತಾನು ಹೊದ್ದ ಶಾಲು, ತಾನು ಹಚ್ಚುವ ಸೋಪು, ತನ್ನ ದನಿಯ ರೆಕಾರ್ಡಿಂಗು ಕಳಿಸುತ್ತಾಳೆ. ನಾವು ಆ ಸೋಪಿನಲ್ಲೇ ಸ್ನಾನ ಮಾಡಿ, ಆ ಶಾಲು ಹೊದ್ದು, ಆ ದನಿ ಕೇಳಿಸುತ್ತ ಮಗುವಿಗೆ ತುತ್ತಿಡಬೇಕು. ಸ್ವಲ್ಪ ಸ್ವಲ್ಪವಾಗಿ ನಾವು ಅವಳಾಗುತ್ತ ಹೋಗಬೇಕು. ಆಗ ಅವಳು ಬಂದು ನಿಂತರೆ ಮಗುವಿಗೆ ಹೊಸಬಳು ಎನಿಸುವುದಿಲ್ಲ, ಅಳದೆ ಹೋಗುತ್ತದೆ. ಅಳದೆ ಹೋದರೆ ನಾವು ಪಾಸು.

ನಾನು ಕಳಿಸಿದ ಒಂದು ಮಗುವೂ ಅತ್ತಿರಲಿಲ್ಲ. "ನಿನ್ನ ಕೈಯಿಂದ ತಪ್ಪಿಸಿಕೊಂಡೆ ಅಂತ ಖುಷಿಯಾಗಿರುತ್ತೆ, ಅಳು ಎಲ್ಲಿಂದ ಬರುತ್ತೆ?" ಎಂದು ನಮ್ಮವರು ಛೇಡಿಸುತ್ತಿದ್ದರು. ನಮ್ಮವರದು ಮನೆಯ ಕೆಳಗೇ ಸೈಕಲ್ ರಿಪೇರಿ ಅಂಗಡಿ. ನಮಗೆ ಮಕ್ಕಳಿಲ್ಲ. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ.

ಪಿಟೀಲು ಎಂಬ ಕೂಸು ಬಂದಾಗ ಹೊಕ್ಕುಳು ಇನ್ನೂ ಒಣಗಿರಲಿಲ್ಲ. ಸಣ್ಣ ದನಿಯಲ್ಲಿ ಎಳೆದು ಎಳೆದು ಅಳುತ್ತಿದ್ದಳು. ಬರೀ ಎರಡು ತಂತಿಯ ಪಿಟೀಲು ಎಂದು ನಮ್ಮವರೇ ಹೆಸರಿಟ್ಟರು. ಅಡ್ಡಹೆಸರಿಗೆ ದೊಡ್ಡಮ್ಮನ ಅಡ್ಡಿಯಿಲ್ಲ. ಅವಳ ಬಲಗಣ್ಣು ಸ್ವಲ್ಪ ಮೆಳ್ಳೆ. ಒಂದು ಕಣ್ಣು ನನ್ನನ್ನು ನೋಡುವಾಗ ಇನ್ನೊಂದು ಕಣ್ಣು ಬಾಗಿಲ ಕಡೆ ಕಾವಲಿರುತ್ತಿತ್ತು. ಮಗು ಬೇಕೆಂದು ಮಕ್ಕಳ ಮನೆಗೆ ಬಂದವರೆಲ್ಲ ಆ ಕಣ್ಣು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಕ್ಕದ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಆ ಸಿಟ್ಟೆಲ್ಲ ಹಾಲುಕ್ಕಿದ ಹಾಗೆ ಸಂತೋಷವಾಗಿಬಿಡುತ್ತಿತ್ತು.

ಹೀಗೇ ಎರಡು ವರ್ಷವಾಯಿತು. ಮೆಟ್ಟಿಲಲ್ಲಿ ಕೂತು ಕೂತು ಜಾರಿ ಅಂಗಡಿಗೆ ಇಳಿಯುತ್ತಿದ್ದಳು. ರಿಪೇರಿಗೆ ಬಂದ ಸೈಕಲ್ಲುಗಳ ಬೆಲ್ಲು ಒಂದೊಂದಾಗಿ ಬಾರಿಸಿ, ಸದ್ದು ಮಾಡದ ಬೆಲ್ಲಿಗೆ ಬೈಯುತ್ತಿದ್ದಳು. ನಿದ್ದೆ ಬಂದರೆ ನನ್ನ ಕಿವಿಯ ತುದಿ ಹಿಡಿದು ಉಜ್ಜಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸಾಕಿದವರಿಗೆ ಏನಾಗುತ್ತದೆ ಎಂದು ಗಾದೆ ಮಾಡಿದವರು ಹೇಳಲಿಲ್ಲ. ನಾನೇ ಹೇಳುತ್ತೇನೆ. ಈ ಜನ್ಮದಲ್ಲಿ ನಾನು ಆ ಮಗುವನ್ನು ಪ್ರೀತಿಸಿದಷ್ಟು ಯಾರನ್ನೂ ಪ್ರೀತಿಸಿಲ್ಲ. ಗಂಡನನ್ನೂ ಇಲ್ಲ, ಅವರಿಗೂ ಅದು ಗೊತ್ತು.

ಒಂದು ದಿನ ದೊಡ್ಡಮ್ಮ ಮನೆಗೇ ಬಂದರು, ಕೈಯಲ್ಲಿ ಒಂದು ಚೀಲ.

"ಇವಳಿಗೊಬ್ಬಳು ಅಮ್ಮ ಸಿಕ್ಕಳು ಕಣೆ. ಶಾಲೇಲಿ ಚಿತ್ರ ಕಲಿಸ್ತಾಳಂತೆ. ಫೋಟೋ ನೋಡಿ, ಆ ಕಣ್ಣು ನೋಡಿಯೇ, ಇವಳೇ ಬೇಕು ಅಂದ್ಳು."

ಅವಳಲ್ಲಿ ಏನಾದರೂ ಐಬು ಹುಡುಕೋಣವೆಂದು ನೋಡಿದೆ. ಚೀಲದಲ್ಲಿದ್ದ ಅವಳ ಫೋಟೋದಲ್ಲಿ ದಪ್ಪ ಗಾಜಿನ ಕನ್ನಡಕ ಬಿಟ್ಟರೆ ಏನೂ ಸಿಗಲಿಲ್ಲ. ಚೀಲದಲ್ಲಿ ಶಾಲು, ಸೋಪಿನ ಜೊತೆ ಅವಳ ಹಳೆಯ ಕನ್ನಡಕದ ಫ್ರೇಮೂ ಇತ್ತು. ಮಗುವಿಗೆ ಕನ್ನಡಕದ ಮುಖ ಅಭ್ಯಾಸವಾಗಲಿ ಎಂದು ಕಳಿಸಿದ್ದಳು. ಗಾಜಿಲ್ಲದ ಫ್ರೇಮು ಹಾಕಿಕೊಂಡು ನಾನು ಸರ್ಕಸ್ಸಿನವಳಂತೆ ಓಡಾಡಿದೆ. ಪಿಟೀಲು ಅದರೊಳಗಿನಿಂದ ಬೆರಳು ತೂರಿಸಿ ನನ್ನ ಕಣ್ಣಿಗೇ ಚುಚ್ಚುತ್ತಿದ್ದಳು.

ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆ. ಅಷ್ಟು ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ರೆಕಾರ್ಡಿಂಗಿನಲ್ಲಿ ಆ ದನಿ ದಿನಾ ಹೇಳುತ್ತಿತ್ತು, "ಅಮ್ಮ ಬಂದೆ ಕಣೇ ಪುಟ್ಟಿ." ಕೇಳುವ ಹೊತ್ತಿಗೆ ಎದುರಿಗೆ ಇರುತ್ತಿದ್ದವಳು ನಾನು, ಅದೇ ಕನ್ನಡಕ, ಅದೇ ವಾಸನೆ. ಒಂದು ಬೆಳಗ್ಗೆ ತಲೆ ಬಾಚುತ್ತಿದ್ದಾಗ ನನ್ನ ಕಡೆ ತಿರುಗಿ, ಲೆಕ್ಕ ಬಗೆಹರಿದವಳ ಹಾಗೆ, "ಅಮ್ಮ" ಅಂದಳು.

ಕನ್ನಡಕ ತೆಗೆದು, ಅಮ್ಮ ಅಲ್ಲ ಅತ್ತೆ, ಎನ್ನಬೇಕಿತ್ತು. ನಾನು "ಓ" ಅಂದೆ. ಮತ್ತೆ ಕರೆದಳು, ಮತ್ತೆ ಓಗೊಟ್ಟೆ. ಇದಕ್ಕೆ ನಾನು ಪಶ್ಚಾತ್ತಾಪ ಪಡುತ್ತೇನೆ ಎಂದುಕೊಂಡಿದ್ದರೆ ಬಿಟ್ಟುಬಿಡಿ. ಈಗಲೂ ಅನ್ನುತ್ತೇನೆ, ಆ ದಿನಗಳನ್ನು ಯಾರಿಗೂ ವಾಪಸು ಕೊಡುವುದಿಲ್ಲ.

ತಾಯಿ ಮೊದಲ ಸಲ ನೋಡಲು ಬಂದಳು. ಮಕ್ಕಳ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಆಟದ ಸಾಮಾನು ಹರಡಿದ್ದರು. ಪಿಟೀಲು ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಕನ್ನಡಕದ ಅಮ್ಮ ಆಗಲೇ ಒಬ್ಬಳಿದ್ದಾಳಲ್ಲ, ಇದು ಯಾರು ಇನ್ನೊಬ್ಬಳು? ಓಡಿಬಂದು ನನ್ನ ಮಂಡಿ ತಬ್ಬಿ "ಅಮ್ಮ, ಅಮ್ಮ" ಎಂದು ಚೀರಿದಳು. ತಾಯಿ ಹತ್ತಿರ ಬಂದಷ್ಟೂ ಚೀರಾಟ ಜೋರಾಯಿತು. ಆ ಹೆಣ್ಣುಮಗಳು ಇದ್ದಲ್ಲೇ ಕೂತು ಮುಖ ಚಿಕ್ಕದು ಮಾಡಿಕೊಂಡಳು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು.

ಅವಳು ಹೋದ ಮೇಲೆ ದೊಡ್ಡಮ್ಮ ಹೇಳಿದರು. "ಇನ್ನೆರಡು ಸಲ ಬರ್ತಾಳೆ. ಆಗಲೂ ಹೀಗೇ ಆದ್ರೆ ಅವಳಿಗೆ ಬೇರೆ ಮಗು ತೋರಿಸಬೇಕಾಗುತ್ತೆ. ಇವಳು ನಿನ್ನ ಹತ್ರಾನೇ ಇರ್ತಾಳೆ, ಐದು ವರ್ಷ ತುಂಬೋವರೆಗೆ. ಆಮೇಲೆ ದೊಡ್ಡ ಹಾಸ್ಟೆಲ್ಲು."

"ನಾನೇ ಇಟ್ಕೋತೀನಿ."

"ಗಂಡ ಹೆಂಡ್ತಿ ವಯಸ್ಸು ಕೂಡಿಸಿ ನೋಡ್ಕೋ. ಕಾನೂನು ಒಪ್ಪಲ್ಲ ಅಂತ ನಿಂಗೆ ಗೊತ್ತು." ಆಮೇಲೆ ಅಂದರು, "ನನಗಿರೋದು ಒಂದೇ ಆಸೆ ಕಣೆ. ಒಂದು ದಿನ ಈ ಮನೆಗೆ ಬೀಗ ಬೀಳಬೇಕು. ನಾನು ಯಾರ ಮಗು ಅಂತ ಕೇಳೋ ಮಗು ಒಂದೂ ಇರಬಾರದು. ಅಂಥ ಲೋಕ ಸುಮ್ನೆ ಆಗಲ್ಲ, ಯಾರಾದರೂ ಬಿಟ್ಟುಕೊಡಬೇಕು."

"ಆ ಲೋಕಕ್ಕೆ ನನ್ನ ಪಿಟೀಲೇ ಬೇಕಾ? ಬೇರೆ ಯಾರದ್ದೂ ಸಿಗಲಿಲ್ವಾ?"

"ಎಲ್ಲರೂ ಹಾಗೇ ಕೇಳ್ತಾರೆ. ಅದಕ್ಕೇ ಬೀಗ ಬೀಳ್ತಿಲ್ಲ."

ಅವರ ಮೇಲೆ ಆಗ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅವರ ಮಾತು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮನೆಯಲ್ಲಿ ನಮ್ಮವರು ಟ್ಯೂಬಿಗೆ ತೇಪೆ ಹಾಕುತ್ತ ಎಲ್ಲ ಕೇಳಿಸಿಕೊಂಡರು. "ಊರಿಗೆ ಉಪಕಾರಿ, ಮನೆಗೆ ಮಾರಿ. ನಿಮ್ಮ ದೊಡ್ಡಮ್ಮ ಪ್ರಪಂಚ ರಿಪೇರಿ ಮಾಡ್ಲಿ, ಬೇಡ ಅನ್ನಲ್ಲ. ಪಾರ್ಟ್ಸು ನಮ್ಮನೇದು ಯಾಕೆ ಬಿಚ್ಚಬೇಕು? ನೀನೇನೂ ಮಾಡಬೇಡ. ಸುಮ್ನೆ ಇದ್ದುಬಿಡು ಸಾಕು. ಮಗು ತಾನಾಗೇ ಉಳಿಯುತ್ತೆ."

"ಐದು ವರ್ಷ ತುಂಬೋವರೆಗೆ."

"ಇನ್ನೂ ಮೂರು ವರ್ಷ ಇದೆ ಕಣೆ. ಮೂರು ವರ್ಷ ಕಮ್ಮೀನಾ?"

ಕಮ್ಮಿಯಲ್ಲ. ನನ್ನ ಆಯುಸ್ಸೆಲ್ಲ ಬೇಕಾದರೆ ಆ ಮೂರು ವರ್ಷಕ್ಕೆ ಕೊಡುತ್ತಿದ್ದೆ. ಆದರೆ ನಾನು ದೊಡ್ಡ ಹಾಸ್ಟೆಲ್ಲು ನೋಡಿದ್ದೇನೆ. ಹಳೆಯ ಬಟ್ಟೆ ಕೊಡಲು ಹೋದಾಗ, ಗೇಟು ತೆಗೆದ ಸದ್ದಿಗೆ ಅಲ್ಲಿನ ಮಕ್ಕಳು ಆಟ ಬಿಟ್ಟು, ಕೈಗೆ ಉಗುಳು ಹಚ್ಚಿ ತಾವೇ ತಲೆಗೂದಲು ಒತ್ತಿಕೊಂಡು ಸಾಲಾಗಿ ನಿಂತವು. ಯಾರೂ ಹೇಳಿರಲಿಲ್ಲ. ಯಾರಾದರೂ ಕರೆದುಕೊಂಡು ಹೋಗಲು ಬಂದಿರಬಹುದು ಎಂದು ತಾವಾಗಿಯೇ ನಿಂತವು. ಪಿಟೀಲು ಆ ಸಾಲಿನಲ್ಲಿ ನಿಂತರೆ ಆ ಮೆಳ್ಳೆಗಣ್ಣಿಗೆ ಯಾರು ಬರುತ್ತಾರೆ? ಬಂದಿದ್ದವಳನ್ನು ನಾನೇ ಹಿಂದಕ್ಕೆ ಕಳಿಸಿದ್ದೆ ಎಂದು ಅವಳಿಗೆ ಯಾರು ಹೇಳುತ್ತಾರೆ?

ದೊಡ್ಡಮ್ಮನ ಬಳಿ ಹೋಗಿ, ಏನು ಮಾಡಬೇಕು ಹೇಳಿ ಅಂದೆ.

"ಕನ್ನಡಕ, ಶಾಲು ತೆಗೆದಿಡು. ನಿನ್ನ ಹಳೇ ಸೋಪಿಗೆ ಬಾ. ಅಮ್ಮ ಅಂದ್ರೆ ತಿರುಗಬೇಡ. ಊಟ ಹಾಕು, ಸ್ನಾನ ಮಾಡಿಸು, ಎತ್ಕೋಬೇಡ." ನನ್ನ ಮುಖ ನೋಡದೆ ಹೇಳಿದರು, "ಆ ತೊಡೆ ಬೇಕು ಅನ್ನಿಸಬೇಕಾದ್ರೆ ಮೊದಲು ಈ ತೊಡೆ ಇಲ್ಲ ಅಂತ ಗೊತ್ತಾಗಬೇಕು. ಕಲ್ಲು ಮನಸ್ಸು ಮಾಡು."

ಮಾಡಿದೆ. ಪಾತ್ರೆ ತೊಳೆಯುತ್ತಿರುವಾಗ ಹಿಂದಿನಿಂದ "ಅಮ್ಮ" ಎಂದು ಕರೆದಳು, ನಾನು ತೊಳೆದ ಪಾತ್ರೆಯನ್ನೇ ತೊಳೆದೆ. ಬಟ್ಟೆ ಹಿಡಿದು ಜಗ್ಗಿದಳು. ಮುಂದೆ ಬಂದು ನಿಂತು, ಕೇಳಿಸಲಿಲ್ಲವೇನೋ ಎಂದು ಜೋರಾಗಿ ಕರೆದಳು. ಆಮೇಲೆ ಎರಡೂ ಕೈ ಮೇಲೆತ್ತಿ ನಿಂತಳು. ಎತ್ತಿದ ಕೈ ಎಷ್ಟೋ ಹೊತ್ತು ಇಳಿಸಲಿಲ್ಲ. ನಮ್ಮವರು ತಡೆಯಲಾರದೆ ಎತ್ತಿಕೊಳ್ಳಲು ಬಂದರು. ಮುಟ್ಟಿದರೆ ನೋಡಿ ಅಂದೆ. ಅವರು ಕೆಳಗಿಳಿದು ಹೋಗಿ, ಹಗಲು ಹೊತ್ತಿನಲ್ಲೇ ಅಂಗಡಿ ಶಟರ್ ಎಳೆದುಕೊಂಡು ಒಳಗೆ ಕೂತರು. ಮಲಗುವಾಗ ಅವಳು ನನ್ನ ಕಿವಿಗೆ ಕೈ ಚಾಚಿದರೆ ನಾನು ಮಗ್ಗುಲು ಬದಲಿಸುತ್ತಿದ್ದೆ. ಕೆಲವು ದಿನಕ್ಕೆ ಚಾಚುವುದು ನಿಲ್ಲಿಸಿದಳು. ತನ್ನ ಕಿವಿಯನ್ನೇ ಹಿಡಿದುಕೊಂಡು ನಿದ್ದೆ ಮಾಡುವುದು ಕಲಿತಳು.

ಎರಡನೇ ಸಲ ಆ ತಾಯಿ ಬಂದಾಗ ನಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬಟ್ಟೆ ಮಡಿಸುತ್ತ ಕೂತಿದ್ದೆ. ಪಿಟೀಲು ಬಂದು ನನ್ನ ಕಾಲ ಬುಡದಲ್ಲಿ ಬಿದ್ದು ಅತ್ತಳು, ಕೂಸಾಗಿದ್ದಾಗಿನ ಅದೇ ಎಳೆದ ಅಳು. ನಾನು ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದೆ. ಹೊಸ ತಾಯಿ ಮಗುವನ್ನು ಬಾಚಿಕೊಳ್ಳಲು ಬರಲಿಲ್ಲ. ದೂರದಲ್ಲೇ ಕೂತು, ಕನ್ನಡಕ ತೆಗೆದು ನೆಲದ ಮೇಲಿಟ್ಟು, ಕಣ್ಣೊರೆಸಿಕೊಳ್ಳುತ್ತಿದ್ದಳು. ಒಳ್ಳೆಯವಳು, ಏನು ಮಾಡುವುದು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಅಳು ನಿಂತಿತು. ನಾನು ತಿರುಗಲಿಲ್ಲ. ದೊಡ್ಡಮ್ಮ ಆಮೇಲೆ ಹೇಳಿದರು, ಮಗು ಎದ್ದು ಹೋಗಿ, ಕನ್ನಡಕ ಎತ್ತಿ, ಅವಳ ಮುಖಕ್ಕೆ ಸೊಟ್ಟಗೆ ಹಾಕಿ, ಕೈ ಮೇಲೆತ್ತಿ ನಿಂತಳಂತೆ. ಅವಳು ಎತ್ತಿಕೊಂಡಳಂತೆ.

ಮೂರನೇ ಸಲ ತಾಯಿ ಕರೆದುಕೊಂಡೇ ಹೋದಳು. ಪಿಟೀಲು ಅವಳ ಭುಜದ ಮೇಲೆ ತಲೆಯಿಟ್ಟಿದ್ದಳು. ಗೇಟಿನ ತನಕ ನೋಡಿದೆ, ಮಗು ತಿರುಗಲಿಲ್ಲ, ಅಳಲೂ ಇಲ್ಲ. ದೊಡ್ಡಮ್ಮ ನನ್ನ ಕೈ ಹಿಡಿದರು, ನಾನು ಕೊಸರಿಕೊಂಡೆ.

"ನಿಮ್ಮ ಆ ಲೋಕ ಬಂದಾಗ ಹೇಳಿ ಕಳಿಸಿ, ಬಂದು ನೋಡ್ತೀನಿ. ಇನ್ನು ನನ್ನ ಮನೆಗೆ ಮಗು ಕಳಿಸಬೇಡಿ."

ದೊಡ್ಡಮ್ಮ ಹೋಗಿ ಗೇಟು ಹಾಕಿಕೊಂಡು ಬಂದರು. ಎಷ್ಟು ವಯಸ್ಸಾಗಿದೆ ಇವರಿಗೆ ಎಂದು ಅವತ್ತೇ ನನಗೆ ಕಂಡಿದ್ದು. ನಮ್ಮವರು ಮಾತ್ರ ಆಮೇಲೆ ಒಂದು ಸಲವೂ ನನ್ನನ್ನು ಛೇಡಿಸಲಿಲ್ಲ.

ಮುಂದಿನ ವರ್ಷ ತರಕಾರಿ ಮಾರುವ ಬೀದಿಯಲ್ಲಿ "ಅಕ್ಕಾ" ಎಂದು ಯಾರೋ ಕರೆದರು. ಅವಳೇ, ಕನ್ನಡಕದ ತಾಯಿ. ಪಕ್ಕದಲ್ಲಿ, ಅವಳ ಕೈ ಹಿಡಿದುಕೊಂಡು, ಗಲ್ಲ ತುಂಬಿಕೊಂಡ ಪಿಟೀಲು. ತಾಯಿ ಸಂತೋಷದಿಂದ, "ಎಷ್ಟು ಸಲ ಅಂದ್ಕೊಂಡೆ ಅಕ್ಕಾ, ನಿಮ್ಮನೆಗೆ ಕರ್ಕೊಂಡು ಬರ್ಬೇಕು ಅಂತ. ಈಗ ಬಾಯಿ ಮುಚ್ಚೋದೇ ಇಲ್ಲ ಇವಳು," ಎಂದವಳು ಮಗುವಿಗೆ ಹೇಳಿದಳು, "ಯಾರು ಗೊತ್ತಾಯ್ತಾ? ನಿನ್ನ ಸಾಕಿದ ಅತ್ತೆ. ಹೋಗು, ಅತ್ತೆ ಹತ್ರ ಹೋಗು."

ಗೊತ್ತಾಗಿತ್ತು. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ತಾಯಿಯ ಹಿಂದೆ ಸರಿದು, ಬಟ್ಟೆಯ ಮರೆಯಿಂದ ನನ್ನನ್ನು ನೋಡಿದಳು.

"ಈ ಅತ್ತೆ ಎತ್ಕೊಳ್ಳಲ್ಲ," ಅಂದಳು.

"ಛೆ, ಹಾಗನ್ನಬಾರದು ಪುಟ್ಟಿ," ಎಂದು ತಾಯಿ ನಾಚಿ ನನ್ನ ಮುಖ ನೋಡಿದಳು.

"ಇರಲಿ ಬಿಡಿ," ಅಂದೆ. "ನಿಜಾನೇ ಹೇಳ್ತಿದಾಳೆ. ಹೌದು ಕಂದ, ನಾನು ಎತ್ಕೊಳ್ಳಲ್ಲ. ಅಮ್ಮ ಎತ್ಕೋತಾರೆ."

ತಾಯಿ ಅವಳನ್ನು ಎತ್ತಿಕೊಂಡಳು. ಮನೆಗೆ ಬನ್ನಿ ಅಕ್ಕಾ ಎಂದು ಎರಡೆರಡು ಸಲ ಹೇಳಿದಳು. ಅವರು ಬೀದಿ ದಾಟಿ ಹೋಗುವವರೆಗೂ ನಾನು ತರಕಾರಿ ಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದೆ.