ಜೋಡಿ ಹುಟ್ಟಿದವಳು

ದನದ ಡಾಕ್ಟರು ದುರ್ಗಪ್ಪ ಉದ್ದನೆಯ ಕೈಗವಸು ಕಳಚುತ್ತ ತಲೆಯಾಡಿಸಿದರು.

"ಇದು ಗಬ್ಬ ನಿಲ್ಲೂದಿಲ್ಲ, ಅಪ್ಪಣ್ಣಾರ. ಹೋರಿಗರದ ಜೋಡಿ ಹುಟ್ಟಿದ್ದಲ್ಲೇನ್ರಿ?"

ಅಪ್ಪಣ್ಣ ಹೌದೆಂದ. ಇನ್ನೂ ಈಯದ ಆ ಮಣಕದ ಹಗ್ಗ ಹಿಡಿದಿದ್ದ ಮಗಳು ಶೋಭಾ ನಾಗನೂರಿನಿಂದ ಮೂಡಲಗಿಯ ಕಾಲೇಜಿಗೆ ಎರಡು ವರ್ಷ ಓಡಾಡಿದವಳು; ಸುಮ್ಮನಿರಲಾಗಲಿಲ್ಲ.

"ಜೋಡಿ ಹುಟ್ಟಿದ್ರ ಏನಾತ್ರಿ, ಸರ?"

"ತಾಯಿ ಹೊಟ್ಟ್ಯಾಗ ಎರಡರ ರಕ್ತಾನೂ ಕೂಡತೈತವಾ. ಗಂಡಗರದ ಹಾರ್ಮೋನು ಹೆಣ್ಣಗರದ ಜೀವಕೋಶಕ್ಕ ಸಂದೇಶ ಮುಟ್ಟಸತಾವು. ಗರ್ಭಚೀಲ ಬೆಳಸೂ ಜೀನ್ ಸುಮ್ಮನಾಗತಾವು. ಹೊರಗ ನೋಡಾಕ ಹೆಣ್ಣು, ಒಳಗ ಏನೂ ಇಲ್ಲ."

"ಗಂಡಿಗೆ?"

"ಗಂಡಿಗೇನೂ ಆಗೂದಿಲ್ಲ."

ಗೋಡೆಯಾಚೆ ನಿಂತು ಕೇಳುತ್ತಿದ್ದ ಪಕ್ಕದ ಮನೆಯ ಉದ್ದವ್ವ ಶೋಭಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂಡಲಗಿಯ ತನ್ನ ತಮ್ಮನ ಮಗನಿಗೆ ಶೋಭಾಳನ್ನು ಗೊತ್ತು ಮಾಡಿಸಿದವಳು ಅವಳೇ. ಶೋಭಾ ಮತ್ತು ಕೇದಾರಿ ಒಂದೇ ತಾಸಿನಲ್ಲಿ ಹುಟ್ಟಿದ ಅಕ್ಕ-ತಮ್ಮ ಎಂಬುದೂ ಅವಳಿಗೆ ಗೊತ್ತಿತ್ತು.

ಐದನೆಯ ದಿನ ಬೀಗರು ಬಂದರು. ಚಹಾ ಮುಟ್ಟಲಿಲ್ಲ. ಜೋಡಿ ಹುಟ್ಟಿದ ಹುಡುಗಿಗೆ ಮಕ್ಕಳಾಗುವುದಿಲ್ಲವೆಂಬ ಮಾತು ಅವರ ಕಿವಿಗೆ ಬಿದ್ದದ್ದು ತಿಳಿದು ಅಪ್ಪಣ್ಣ ಓಡಿಹೋಗಿ ಡಾಕ್ಟರನ್ನೇ ಕರೆತಂದ.

"ಮನುಷ್ಯಾರಾಗ ಹಂಗಿಲ್ರಿ," ಎಂದರು ದುರ್ಗಪ್ಪ. "ಕೂಸುಗಳ ರಕ್ತ ಹಂಗ ಕೂಡೂದಿಲ್ಲ. ಈ ಹುಡುಗಿಗೂ ಆ ಮಣಕಕ್ಕೂ ಸಂಬಂಧನ ಇಲ್ಲ."

"ಹಂಗಾರ ಬರದ ಕೊಡ್ರಿ," ಎಂದ ವರನ ತಂದೆ. "ನಾಳೆ ಮಕ್ಕಳಾಗಲಿಲ್ಲಂದ್ರ ನಿಮ್ಮನ್ನ ಕೇಳತೇವಿ."

ಡಾಕ್ಟರು ಎದ್ದು ಚಪ್ಪಲಿ ಮೆಟ್ಟಿದರು. "ನಾ ದನದ ಡಾಕ್ಟರ್ರಿ. ಹೆಣ್ಮಕ್ಕಳದು ನಾ ಹೆಂಗ ಬರೀಲಿ?"

ಬಾಗಿಲ ಹಿಂದೆ ಶೋಭಾ ತಾಯಿಯ ಸೆರಗು ಜಗ್ಗಿದಳು. "ತಿಂಗಳಾ ತಿಂಗಳಾ ಹೊರಗ ಕೂಡತೇನಲ್ಲ, ಅದನ್ನರ ಹೇಳಬೇ."

"ಬಾಯಿ ಮುಚ್ಚು," ಎಂದಳು ಬಾಳವ್ವ. "ಗಂಡಸರು ಕುಂತಾರ."

ಸಂಬಂಧ ಮುರಿಯಿತು. ಆಮೇಲೆ ಬಂದ ಎರಡು ಕಡೆಯವರೂ ಊರ ಅಗಸಿ ಬಾಗಿಲಲ್ಲೇ ಸುದ್ದಿ ಕೇಳಿ ತಿರುಗಿಹೋದರು.

ಮರುವರ್ಷ ಹುಕ್ಕೇರಿ ಕಡೆಯವರು ಕೇದಾರಿಯನ್ನು ನೋಡಲು ಬಂದು, ಜೋಡಿ ಹುಟ್ಟಿದವನಂತಲ್ಲ ಎಂದು ಅನುಮಾನಿಸಿದರು. ಒಳಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ ಶೋಭಾಳಿಗೆ ಅಪ್ಪನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಗಂಡಿಗೇನೂ ಆಗೂದಿಲ್ರಿ. ಡಾಕ್ಟರ ಹೇಳ್ಯಾರ."

ಮದುವೆಯ ಹಿಂದಿನ ದಿನ ತಮ್ಮನಿಗೆ ಅರಿಶಿನ ಹಚ್ಚಲು ಶೋಭಾ ಬಟ್ಟಲಿಗೆ ಕೈ ಹಾಕಿದಳು. ಸುತ್ತಲಿದ್ದ ಹೆಂಗಸರು ಬಾಳವ್ವನತ್ತ ನೋಡಿದರು. ಕೇದಾರಿ ತಲೆ ತಗ್ಗಿಸಿದ. ಬಾಳವ್ವ ಮುಂದೆ ಬಂದು ಮೆಲ್ಲಗೆ ಬಟ್ಟಲು ಕಸಿದುಕೊಂಡಳು.

"ನೀ ಒಳಗ ಹೋಗವಾ. ಒಲಿ ಮ್ಯಾಲಿನ ಹಾಲು ನೋಡು."

ಶೋಭಾ ಹಿತ್ತಲಿಗೆ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು. ಕಲ್ಲಿಗೆ ತಿಕ್ಕಿ ತಿಕ್ಕಿ ಬೆರಳ ತುದಿ ಕೆಂಪಾದರೂ ಉಗುರಿನ ಸಂದಿಯ ಹಳದಿ ಹಾಗೆಯೇ ಇತ್ತು.